ಗರ್ಭಕಲ್ಯಾಣವು ವೇದಿಕೆಗೆ ಮಾತ್ರವೇ?

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವಗಳಲ್ಲಿ ಮೊದಲನೆಯದು ಗರ್ಭಕಲ್ಯಾಣ. ಜಿನಮಾತೆಯು ಹದಿನಾರು ಶುಭಸ್ವಪ್ನಗಳನ್ನು ಕಾಣುತ್ತಾಳೆ. ಶ್ರೀ, ಹ್ರೀ, ಧೃತಿ ಮೊದಲಾದ ದೇವಿಯರೂ ದಿಕ್ಕುಮಾರಿಯರೂ ಬಂದು ಆಕೆಯ ಸೇವೆಗೆ ನಿಲ್ಲುತ್ತಾರೆ. ಸಮಾಜದ ಹೆಣ್ಣುಮಕ್ಕಳು ಆ ವೇಷ ಧರಿಸಿ ಕನ್ನಡಿ ಹಿಡಿಯುತ್ತಾರೆ, ಚಾಮರ ಬೀಸುತ್ತಾರೆ. ತೀರ್ಥಂಕರರ ಮಾತಾಪಿತೃಗಳ ಸ್ಥಾನಕ್ಕಾಗಿ ಸವಾಲು ಕೂಗಿ ಶ್ರೀಮಂತರು ಹಣ ನೀಡುತ್ತಾರೆ. ಸಭೆ ಜಯಘೋಷ ಮಾಡುತ್ತದೆ. ಗರ್ಭಿಣಿಯ ಸೇವೆಯು ದೇವತೆಗಳಿಗೂ ಪುಣ್ಯಕಾರ್ಯವೆಂದು ಸಾರುವ ಇಂತಹ ಉತ್ಸವವು ಜೈನ ಸಮಾಜದ ಹೆಮ್ಮೆ. ಆದರೆ ಅದೇ ಸಮಾಜದ ಮನೆಗಳಲ್ಲಿ, ಸೊಂಟದ ಮೇಲೊಂದು ಮಗುವನ್ನೂ ಒಡಲಲ್ಲಿ ಇನ್ನೊಂದನ್ನೂ ಹೊತ್ತ ಸೊಸೆಗೆ ಯಾವ ದಿಕ್ಕಿನ ಕುಮಾರಿ ಬರುತ್ತಾಳೆ?

ಚೊಚ್ಚಲ ಬಸಿರಿಗೆ ಸೀಮಂತವುಂಟು, ಹಸಿರು ಬಳೆಯುಂಟು, ತವರಿನ ಬಾಣಂತನವುಂಟು. ಎರಡನೆಯ ಬಸಿರಿಗೆ ಅನೇಕ ಮನೆಗಳಲ್ಲಿ ಇವಾವುವೂ ಇಲ್ಲ. “ಒಮ್ಮೆ ಹೆತ್ತವಳಲ್ಲವೇ, ಎಲ್ಲ ಗೊತ್ತು” ಎಂಬ ಒಂದೇ ಮಾತಿನಲ್ಲಿ ಅವಳ ಲೆಕ್ಕ ಚುಕ್ತಾ ಆಗುತ್ತದೆ. ವಾಸ್ತವದಲ್ಲಿ ಎರಡನೆಯ ಸಲದ ಭಾರವೇ ಹೆಚ್ಚು. ಮೊದಲ ಬಸಿರಿನಲ್ಲಿ ಸುಸ್ತಾದರೆ ಮಲಗಬಹುದಾಗಿತ್ತು. ಈಗ ಮಲಗಿದವಳ ಎದೆಯ ಮೇಲೇ ಮಗು ಹತ್ತುತ್ತದೆ. ಒಂದೂವರೆ ವರ್ಷದ ಕೂಸು ಸುಮಾರು ಹತ್ತು ಕಿಲೋ ತೂಗುತ್ತದೆ. ಅದನ್ನು ದಿನಕ್ಕೆ ಎಷ್ಟು ಸಲ ಎತ್ತಿ ಇಳಿಸಬೇಕೆಂಬುದನ್ನು ಯಾವ ಗಂಡಸೂ ಎಣಿಸಿದ್ದಿಲ್ಲ. ಬೆಳಗಿನ ವಾಕರಿಕೆಯ ಹೊತ್ತಿಗೇ ಅದಕ್ಕೆ ಗಂಜಿ ಬೇಕು. ನಡುರಾತ್ರಿ ಅದು ಅತ್ತರೆ ಏಳಬೇಕಾದವಳೂ ಅವಳೇ.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಂತಹ ಊರನ್ನೇ ತೆಗೆದುಕೊಂಡು ನೋಡಬಹುದು. 1933ರಲ್ಲಿ ಅಲ್ಲಿ ಹುಟ್ಟಿದ ಮಗುವೊಂದು 1996ರಲ್ಲಿ ದೇಶದ ಪ್ರಧಾನಿಯಾಯಿತು ಎಂಬುದರಿಂದ ಆ ಹೆಸರು ನಾಡಿಗೆಲ್ಲ ಗೊತ್ತು. ‘ಹರದ’ ಎಂದರೆ ಹಳಗನ್ನಡದಲ್ಲಿ ವ್ಯಾಪಾರಿ. ವ್ಯಾಪಾರಿಗಳ ಸಮಾಜವು ಆ ಹೆಸರನ್ನು ಕೇಳಿಯಾದರೂ ಈ ಲೆಕ್ಕವನ್ನು ಸರಿಯಾಗಿ ಬರೆಯಬೇಕು. ಇಂತಹ ಊರುಗಳ ಗರ್ಭಿಣಿಗೆ ಸರ್ಕಾರ ಏನೂ ಮಾಡಿಲ್ಲವೆನ್ನಲಾಗದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೊದಲ 33 ಕೇಂದ್ರಗಳಲ್ಲಿ ನೆರೆಯ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. 2017ರಲ್ಲಿ ರಾಜ್ಯ ಸರ್ಕಾರವು ಮಾತೃಪೂರ್ಣ ಯೋಜನೆಯ ಮೂಲಕ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ನೀಡತೊಡಗಿತು. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳಿನ ಏರ್ಪಾಡನ್ನೂ ಮಾಡಿತು. ಆದರೆ ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದ ಮಕ್ಕಳಿಗೆ. ಒಂದೂವರೆ, ಎರಡು ವರ್ಷದ ಕೂಸಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ. ಅದನ್ನು ನೋಡಿಕೊಳ್ಳುವ ಕೈ ಬರುವುದಿಲ್ಲ. ಆ ಕೈ ಮನೆಯಿಂದಲೇ ಬರಬೇಕು, ಇಲ್ಲವೇ ಸಮಾಜದಿಂದ ಬರಬೇಕು.

ಇದು ಕರುಣೆಯ ಪ್ರಶ್ನೆಯಲ್ಲ, ವ್ರತದ ಪ್ರಶ್ನೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಶಕ್ತಿಗೆ ಮೀರಿದ ಭಾರ ಹೊರಿಸುವುದು ನಾಲ್ಕನೆಯದು; ಹೊತ್ತಿಗೆ ಅನ್ನ ನೀರು ಸಿಗದಂತೆ ಮಾಡುವುದು ಐದನೆಯದು. ಗಾಡಿಯ ಎತ್ತಿನ ಮೇಲೆ ಒಂದು ಮೂಟೆ ಹೆಚ್ಚು ಹೇರಿದರೆ ದೋಷವೆಂದು ಒಪ್ಪುವ ಶ್ರಾವಕನು, ಏಳು ತಿಂಗಳ ಗರ್ಭಿಣಿಯು ಮಗುವನ್ನು ಕಂಕುಳಲ್ಲಿಟ್ಟುಕೊಂಡು ನೀರಿನ ಕೊಡ ಎತ್ತುವುದನ್ನು ಕಂಡೂ ಪತ್ರಿಕೆಯ ಪುಟ ತಿರುಗಿಸುತ್ತಾನೆ. ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ನೀರು ಹೊತ್ತವಳ ಬೆನ್ನುನೋವು ಯಾರ ಕಣ್ಣಿಗೂ ಬೀಳುವುದಿಲ್ಲ.

ಐದನೆಯ ಅತಿಚಾರವಂತೂ ಜೈನ ಗೃಹಗಳಲ್ಲಿ ಧರ್ಮದ ಹೆಸರಿನಲ್ಲೇ ನಡೆಯುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಯಬೇಕು. ಸೊಸೆಯು ಮಾವನಿಗೆ ಬಡಿಸುತ್ತಾಳೆ, ಅತ್ತೆಗೆ ಬಡಿಸುತ್ತಾಳೆ, ಅಂಗಡಿಯಿಂದ ತಡವಾಗಿ ಬಂದ ಗಂಡನಿಗೆ ಬಡಿಸುತ್ತಾಳೆ, ಹಟ ಹಿಡಿದ ಮಗುವಿನ ಹಿಂದೆ ಬಟ್ಟಲು ಹಿಡಿದು ಓಡುತ್ತಾಳೆ. ತಾನು ಕೂರುವ ಹೊತ್ತಿಗೆ ಹೊತ್ತು ಮುಳುಗಿರುತ್ತದೆ. ಎಲ್ಲರ ರಾತ್ರಿಭೋಜನತ್ಯಾಗವೂ ನೆರವೇರಿತು, ಅವಳದು ಮಾತ್ರ ನಿರಶನವಾಯಿತು. ಮನೆಯವರ ವ್ರತದ ಬೆಲೆಯನ್ನು ಗರ್ಭಸ್ಥ ಶಿಶು ತೆತ್ತಿತು. ಇದಕ್ಕೆ ಪರಿಹಾರ ವ್ರತವನ್ನು ಬಿಡುವುದಲ್ಲ, ಸರದಿಯನ್ನು ತಿರುಗಿಸುವುದು. ಗರ್ಭಿಣಿಯು ಮೊದಲು ಉಣ್ಣಲಿ, ಮಿಕ್ಕವರು ಅನಂತರ. ಹೊತ್ತು ಮೀರಿದರೆ ಉಪವಾಸವಿರುವ ಪುಣ್ಯ ಗಂಡಸರಿಗೆ ಲಭಿಸಲಿ.

ದಶಲಕ್ಷಣ ಪರ್ವದಲ್ಲಿ ಗರ್ಭಿಣಿಯರು ಉಪವಾಸ ಮಾಡಿದರೆಂದು ಹೊಗಳುವ ಹಿರಿಯರೂ ಇದ್ದಾರೆ. “ಅವಳೇ ಇಷ್ಟಪಟ್ಟು ಮಾಡಿದಳು” ಎಂಬುದು ಅವರ ಸಮರ್ಥನೆ. ನೆರೆಹೊರೆಯ ಹೊಗಳಿಕೆ ಮತ್ತು ಅತ್ತೆಯ ಮುಖಭಾವದ ನಡುವೆ ಹುಟ್ಟಿದ್ದನ್ನು ಇಷ್ಟವೆನ್ನುವುದು ಹೇಗೆ? ಷೋಡಶ ಭಾವನೆಗಳಲ್ಲಿ ಹೇಳಿರುವುದು ಬರಿಯ ತಪವಲ್ಲ, ಶಕ್ತಿತಸ್ತಪ. ಶಕ್ತಿಯನ್ನು ಮರೆಮಾಚಬಾರದು, ಮೀರಲೂ ಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಶೇಕಡಾ 52ರಷ್ಟು ಮಂದಿಗೆ ರಕ್ತಹೀನತೆ. ಮೊದಲ ಮಗುವಿಗೆ ಇನ್ನೂ ಹಾಲೂಡಿಸುತ್ತಿರುವಾಗಲೇ ಮತ್ತೆ ಬಸುರಾದವಳ ಶರೀರದಲ್ಲಿ ಉಳಿತಾಯವೇ ಕಡಿಮೆ. ಆರು ತಿಂಗಳು, ಅಂದರೆ 180 ದಿನ, ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗುವುದೂ ನಿಯಮವೇ. ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ತ್ವದ ಕೊರತೆ ಸುಲಭವಾಗಿ ಉಂಟಾಗುವುದರಿಂದ ವೈದ್ಯರನ್ನು ಕೇಳಿ ಅದನ್ನೂ ಪಡೆಯಬೇಕು. ಈ ನಿಯಮ ಪಾಲಿಸಿದವಳನ್ನು ಬಸದಿಯಲ್ಲಿ ಯಾರೂ ಹೊಗಳುವುದಿಲ್ಲ; ಹೊಗಳಬೇಕಾದದ್ದು ಅವಳನ್ನೇ.

“ಹಿಂದಿನವರು ಎಂಟು ಹತ್ತು ಹೆತ್ತು ಹೊಲಮನೆ ನೋಡಿಕೊಳ್ಳಲಿಲ್ಲವೇ?” ಎಂಬ ಮಾತು ಪ್ರತಿಯೊಂದು ಮನೆಯಲ್ಲೂ ಕೇಳಿಬರುತ್ತದೆ. ಹಾಗೆ ಹೆತ್ತವರಲ್ಲಿ ಬದುಕಿ ಉಳಿದವರು ಮಾತ್ರ ಈ ಮಾತನ್ನು ಆಡಬಲ್ಲರು. ಹೆರಿಗೆಯಲ್ಲಿ ಹೋದವರ ಸಾಕ್ಷ್ಯವನ್ನು ಯಾರೂ ಕೇಳಿಲ್ಲ. 2001–03ರಲ್ಲೂ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ವೇಳೆಗೆ ಅದು 69ಕ್ಕೆ ಇಳಿಯಿತು. ಅಲ್ಲದೆ ಆ ಕಾಲದ ಅವಿಭಕ್ತ ಕುಟುಂಬದಲ್ಲಿ ಅಜ್ಜಿ, ಓರಗಿತ್ತಿ, ನಾದಿನಿ ಎಂದು ಹತ್ತು ಕೈಗಳಿದ್ದವು. ಈಗ ಮಗ ಬೆಂಗಳೂರಿನಲ್ಲಿ, ಹಿರಿಯರು ಹಾಸನ ಜಿಲ್ಲೆಯ ಹಳ್ಳಿಯಲ್ಲಿ. ಕೈಗಳು ಕಡಿಮೆಯಾದವು, ನಿರೀಕ್ಷೆಗಳು ಕಡಿಮೆಯಾಗಲಿಲ್ಲ.

ಎರಡನೆಯ ಗರ್ಭವು ಇಷ್ಟು ಬೇಗನೆ ಏಕೆ ಬಂದಿತೆಂಬುದನ್ನೂ ಕೇಳಬೇಕು. ಹೆರಿಗೆಯಾದ ಮೇಲೆ ಮುಂದಿನ ಗರ್ಭಧಾರಣೆಗೆ ಕನಿಷ್ಠ 24 ತಿಂಗಳ ಅಂತರವಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಕರೆದ ತಜ್ಞರ ಸಭೆ ಶಿಫಾರಸು ಮಾಡಿತು. ಮೊದಲನೆಯದು ಹೆಣ್ಣಾದ ಮನೆಗಳಲ್ಲಿ ಈ ತಾಳ್ಮೆ ಇರುವುದಿಲ್ಲ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣು ದೇಶದಲ್ಲಿ 927 ಇದ್ದರೆ, ಜೈನರಲ್ಲಿ 870 ಮಾತ್ರ. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿತ್ತು. ಏಕೇಂದ್ರಿಯ ಜೀವಕ್ಕೂ ನೋವಾಗಬಾರದೆನ್ನುವ ಸಮಾಜಕ್ಕೆ ಈ ಅಂಕಿಗಿಂತ ಕಠೋರವಾದ ಟೀಕೆ ಬೇರೊಂದಿಲ್ಲ.

ಮೊದಲ ಮಗುವಿಗೂ ನ್ಯಾಯ ಸಲ್ಲಬೇಕು. “ತಮ್ಮ ಬರುತ್ತಾನೆ, ಇನ್ನು ನಿನ್ನನ್ನು ಯಾರೂ ಎತ್ತಿಕೊಳ್ಳುವುದಿಲ್ಲ” ಎಂದು ಎರಡು ವರ್ಷದ ಕೂಸನ್ನು ಅಳಿಸಿ ನಗುವುದು ವಿನೋದವಲ್ಲ, ವಾಚಿಕ ಹಿಂಸೆ. ಬಸುರಿಯ ಹಾಲು ವಿಷವೆಂದು ಹೆದರಿಸಿ, ಎದೆಗೆ ಬೇವು ಹಚ್ಚಿ ಒಂದೇ ದಿನದಲ್ಲಿ ಹಾಲು ಬಿಡಿಸುವುದೂ ಸಲ್ಲದು. ಆರೋಗ್ಯವಂತ ಗರ್ಭಿಣಿಯು ಸಾಮಾನ್ಯವಾಗಿ ಹಾಲೂಡಿಸಬಹುದು. ಸಂದೇಹವಿದ್ದರೆ ವೈದ್ಯರನ್ನು ಕೇಳಿ ಮೆಲ್ಲಗೆ ಬಿಡಿಸಬಹುದು.

ಇನ್ನು ಗಂಡನ ಮಾತು. ವೈಯಾವೃತ್ತ್ಯವು ಆರು ಅಂತರಂಗ ತಪಗಳಲ್ಲಿ ಒಂದು. ಮುನಿಸಂಘ ಬಂದಾಗ ಕಮಂಡಲು ಹಿಡಿದು ಹಿಂದೆ ನಡೆಯುವ ಯುವಕನು ತನ್ನ ಮಗುವಿನ ಒದ್ದೆ ಬಟ್ಟೆ ಬದಲಿಸಲು ನಾಚುತ್ತಾನೆ. ಅಂಗಡಿ ಬಾಗಿಲು ತೆರೆಯುವ ಮುನ್ನ ಎರಡು ಗಂಟೆ, ಮುಚ್ಚಿದ ಮೇಲೆ ಒಂದು ಗಂಟೆ ಮಗುವನ್ನು ತಾನೇ ವಹಿಸಿಕೊಂಡರೆ ವ್ಯಾಪಾರವೇನೂ ಮುಳುಗದು. 2017ರ ತಿದ್ದುಪಡಿಯು ನೌಕರಿಯ ತಾಯಂದಿರಿಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆಯನ್ನು ವಿಧಿಸಿತು. ಮನೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಸೊಸೆಗೆ ಯಾವ ಕಾನೂನೂ ಇಲ್ಲ; ಅವಳ ಕಾನೂನು ಮನೆಯವರ ಧರ್ಮಬುದ್ಧಿಯೇ.

ದೇವಸ್ಥಾನದ ಟ್ರಸ್ಟುಗಳೂ ನುಣುಚಿಕೊಳ್ಳಲಾಗದು. ಬಸದಿಯ ಆವರಣದಲ್ಲಿ ತಾಯಂದಿರು ಹಾಲೂಡಿಸಲು ಒಂದು ಕೋಣೆ, ಪ್ರವಚನ ಮಂದಿರದಲ್ಲಿ ಗರ್ಭಿಣಿಯರಿಗೆ ಒರಗುವ ಕುರ್ಚಿ, ವರ್ಷದ ಬಹುಪಾಲು ಬೀಗ ಹಾಕಿರುವ ಸಮುದಾಯ ಭವನದಲ್ಲಿ ಬೆಳಗಿನ ಮೂರು ಗಂಟೆ ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಸಂಬಳದ ಇಬ್ಬರು ಮಹಿಳೆಯರು: ಇದಕ್ಕೆ ಬೇಕಾದುದು ಒಂದು ಪಂಚಕಲ್ಯಾಣದ ಪೆಂಡಾಲಿನ ಖರ್ಚಿನ ಒಂದು ಅಂಶ. ರಾಜ್ಯ ಸರ್ಕಾರವೇ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಕಾರರ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯಲು ಮುಂದಾಗಿದ್ದಾಗ, ದಾನಕ್ಕೆ ಹೆಸರಾದ ಸಮಾಜವು ಅದನ್ನು ಮಾಡಲಾರದೆಂದರೆ ನಂಬುವವರಾರು?

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆ ಎಲ್ಲ ಜೈನರಿಗೂ ಗೊತ್ತು. ಚಾವುಂಡರಾಯನ ತುಂಬಿದ ಕೊಡಗಳಿಂದ ನೆನೆಯದ ಮೂರ್ತಿ ಆ ಮುದುಕಿಯ ಪುಟ್ಟ ಗುಳ್ಳದ ಹಾಲಿನಿಂದ ಅಡಿಯವರೆಗೂ ನೆನೆಯಿತು. ದೊಡ್ಡ ಕಲಶಗಳನ್ನು ಎತ್ತುವವರಿಗೆ ಈ ಸಮಾಜದಲ್ಲಿ ಕೊರತೆಯಿಲ್ಲ. ಸೊಸೆಯ ಕೈಯಿಂದ ಮಗುವನ್ನು ಇಸಿದುಕೊಂಡು, “ನೀನು ಮೊದಲು ಉಣ್ಣಮ್ಮ, ಹೊತ್ತು ಮುಳುಗುತ್ತಿದೆ” ಎನ್ನುವವರ ಕೊರತೆಯಿದೆ. ಅಣುವ್ರತವೆಂದರೆ ಸಣ್ಣ ವ್ರತ. ಅದನ್ನು ಇಷ್ಟು ಸಣ್ಣ ಕೆಲಸದಿಂದಲೇ ತೊಡಗಬೇಕು. ಇಂದಿನ ಸಂಜೆಯ ಊಟದ ಹೊತ್ತಿಗೇ ತೊಡಗಬಹುದು.