‘ಇದೆ’ ಮತ್ತು ‘ಇದ್ದೀತು’

ಅನ್ಯಗ್ರಹಗಳ ಜೀವಿಗಳನ್ನು ತೋರಿಸುವ ವಿಜ್ಞಾನಚಿತ್ರಗಳನ್ನು ನಮ್ಮ ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಅದನ್ನು ಕಾಲಹರಣವೆಂದು ನಾವು ಹಳಿಯಬೇಕಾಗಿಲ್ಲ. ಆದರೆ ಹೇಗೆ ನೋಡಬೇಕೆಂಬುದನ್ನು ಕಲಿಸಬೇಕಾಗಿದೆ.

1980ರಲ್ಲಿ ವಿಜ್ಞಾನಿ ಕಾರ್ಲ್ ಸೇಗನ್ ಅವರು ‘ಕಾಸ್ಮಾಸ್’ ಸರಣಿಯಲ್ಲಿ, ಗುರುಗ್ರಹದ ಮೋಡಗಳ ನಡುವೆ ತೇಲುವ ಬಲೂನಿನಂತಹ ಬೃಹತ್ ಜೀವಿಗಳನ್ನು ತೋರಿಸಿದರು. ಅದು ಅಡಗೂಲಜ್ಜಿಯ ಕಥೆಯಲ್ಲ. ಗುರುಗ್ರಹದಲ್ಲಿ ಕಾಲೂರಲು ಗಟ್ಟಿ ನೆಲವಿಲ್ಲ. ಅಲ್ಲಿ ಜೀವಿಯಿದ್ದರೆ ಅದು ತೇಲಬೇಕಾದೀತು ಎಂಬ ತರ್ಕ ಅದರ ಹಿಂದಿತ್ತು. 2020ರ ‘ಏಲಿಯನ್ ವರ್ಲ್ಡ್ಸ್’ ಸರಣಿಯೂ ಹಾಗೆಯೇ. ಅದರಲ್ಲಿ ‘ಅಟ್ಲಾಸ್’ ಎಂಬ ಕಲ್ಪಿತ ಗ್ರಹವಿದೆ. ಅಲ್ಲಿನ ಗಾಳಿ ದಟ್ಟವಾದುದರಿಂದ ರೆಕ್ಕೆಗೆ ಆಧಾರ ಹೆಚ್ಚು. ಪ್ರಾಣಿಗಳು ಆಕಾಶದಲ್ಲೇ ಮೇಯುತ್ತವೆ.

ಚಿತ್ರ ಸಹಜವಾದಷ್ಟೂ ಮಕ್ಕಳು ಅದನ್ನು ನಿಜವೆಂದೇ ನಂಬುತ್ತಾರೆ. ನಿಜಸ್ಥಿತಿ ಬೇರೆ. 1995ರಲ್ಲಿ ಸೂರ್ಯನಂತಹ ಬೇರೊಂದು ನಕ್ಷತ್ರದ ಸುತ್ತ ಗ್ರಹವೊಂದು ಪತ್ತೆಯಾಯಿತು. ಅಂದಿನಿಂದ ಅನ್ಯ ನಕ್ಷತ್ರಗಳ ಸಾವಿರಾರು ಗ್ರಹಗಳು ಪತ್ತೆಯಾಗಿವೆ. ಆದರೆ ಅವುಗಳಲ್ಲಿ ಒಂದರಲ್ಲೂ ಜೀವವಿರುವುದು ಸಿದ್ಧವಾಗಿಲ್ಲ.

ವ್ಯಾಕರಣದ ತರಗತಿಯಲ್ಲಿ ನಾವು ಸಂಭಾವನಾರ್ಥಕ ರೂಪವನ್ನು ಪಾಠ ಮಾಡುತ್ತೇವೆ. ‘ಇದೆ’ ಎಂಬುದು ಕಂಡವರ ಮಾತು; ‘ಇದ್ದೀತು’ ಎಂಬುದು ಊಹಿಸಿದವರ ಮಾತು. ಪರೀಕ್ಷೆಯ ಅಂಕಗಳಿಗಷ್ಟೇ ಈ ಭೇದ ಮೀಸಲಾಗಬಾರದು. “ಅಲ್ಲಿ ಇಂಥ ಪ್ರಾಣಿ ಇದೆಯಂತೆ” ಎಂದು ಮಗು ಹೇಳಿದಾಗ ಹೆತ್ತವರು ನಗುವುದೂ ಬೇಡ, ಗದರುವುದೂ ಬೇಡ. “ಕಂಡವರು ಯಾರು? ಹಾಗೆ ಊಹಿಸಲು ಕಾರಣವೇನು?” ಎಂದು ಕೇಳಲಿ.

‘ಇದ್ದೀತು’ ಎನ್ನಲು ಹೆದರುವವರಿಂದ ಹೊಸ ಶೋಧನೆಯಾಗದು. ಅದನ್ನೇ ‘ಇದೆ’ ಎಂದು ಸಾರುವವರಿಂದ ವಿಜ್ಞಾನ ಉಳಿಯದು. ನಮ್ಮ ವಿದ್ಯಾರ್ಥಿಗಳು ಎರಡನ್ನೂ ಅರಿತು ಕನಸು ಕಾಣಲಿ.