ಅವ್ವ ಓದಲಾರದ ಕಾಗದಕ್ಕೆ ಅವ್ವನ ಹೆಬ್ಬೆಟ್ಟೇ?

ನವೆಂಬರ್ ಬಂದರೆ ನಾವು ಬಾವುಟ ಕಟ್ಟುತ್ತೇವೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಕೂಗುತ್ತೇವೆ. ಬ್ಯಾಂಕಿನ ಚಲನ್ನಿನಲ್ಲಿ ಕನ್ನಡ ಇಲ್ಲದಿದ್ದರೆ ಮ್ಯಾನೇಜರ್ ಮುಂದೆ ಧರಣಿ ಕೂರುತ್ತೇವೆ. ಕೂಗಬೇಕು, ಕೂರಲೂಬೇಕು. ಆದರೆ ಇವತ್ತು ನಾವು ಹೇಳಹೊರಟಿರುವುದು ಬೇರೊಂದು ಕಾಗದದ ಸಂಗತಿ. ಚಲನ್ನು ತಪ್ಪಾದರೆ ಹತ್ತು ರೂಪಾಯಿ ಹೋದೀತು. ಈ ಕಾಗದಕ್ಕೆ ಸಹಿ ಹಾಕಿದವರ ಮೈಯಿಂದ ಒಂದು ಕಿಡ್ನಿಯೇ ಹೋಗುತ್ತದೆ.

ಬೋನಾಳದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕಿನ ಬೋನಾಳ. ಅಲ್ಲಿನ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಆ ಸೀಮೆಯ ಮಂದಿ ಮಾತ್ರ ಕೆಲಸ ಹುಡುಕಿಕೊಂಡು ಬೆಂಗಳೂರು, ಪುಣೆ, ಮುಂಬೈ ಬಸ್ಸು ಹತ್ತುತ್ತಾರೆ. ಹಾಗೆ ಬೆಂಗಳೂರಿಗೆ ಬಂದ ಮಗನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್. ಊರಿನಿಂದ ಅವ್ವ ರಾತ್ರಿ ಬಸ್ಸಿಗೆ ಹೊರಟು ಬಂದಿದ್ದಾಳೆ. ರಕ್ತದ ಗುಂಪು ಹೊಂದಿದೆ. ಅವಳ ಕೈಗೆ ಇಂಗ್ಲಿಷಿನ ನಾಲ್ಕು ಹಾಳೆ ಕೊಟ್ಟಿದ್ದಾರೆ. "ಇದ್ರಾಗ ಏನ್ ಬರದಾರ ತಮ್ಮಾ?" ಎಂದು ಅವಳು ಪಕ್ಕದಲ್ಲಿ ಕೂತವರನ್ನು ಕೇಳುತ್ತಾಳೆ. "ಏನಿಲ್ಲ, ಒಪ್ಪಿಗೆ ಇದೆ ಅಂತ. ಇಲ್ಲಿ ಒತ್ತು" ಅನ್ನುತ್ತಾರೆ.

ಈ ಮನೆ ನಮ್ಮ ಕಲ್ಪನೆಯದು. ಆದರೆ ಎದೆ ಮುಟ್ಟಿ ಹೇಳಿ, ಆ ಪಕ್ಕದಲ್ಲಿ ಕೂತು "ಇಲ್ಲಿ ಒತ್ತು" ಅನ್ನುವವರು ಯಾರು? ಓದು ಬಲ್ಲ ನಾವೇ, ನೀವೇ.

ಆ ಹಾಳೆಗಳಲ್ಲಿ ಏನಿದೆ ಎಂದು ಕೇಳಿ. 1994ರ ಮಾನವ ಅಂಗಾಂಗ ಕಸಿ ಕಾಯಿದೆ, ಅದಕ್ಕೆ 2011ರ ತಿದ್ದುಪಡಿ, 2014ರ ನಿಯಮಗಳು. ಇವುಗಳ ಪ್ರಕಾರ ಹತ್ತಿರದ ರಕ್ತಸಂಬಂಧಿ ದಾನಿ ತುಂಬಬೇಕಾದ ನಮೂನೆ ಅದು. ಕೇಂದ್ರದ ಗೆಜೆಟ್ಟಿನಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಬಂದದ್ದು. ಶಸ್ತ್ರಚಿಕಿತ್ಸೆ ಎಂಥದು, ಅದರಿಂದ ತನಗೆ ಏನು ಅಪಾಯ ಎಂಬುದನ್ನು ವೈದ್ಯರು ಪೂರ್ತಿ ವಿವರಿಸಿದ್ದಾರೆ, ತನಗೆ ಅರ್ಥವಾಗಿದೆ ಎಂದು ದಾನಿ ಅದರಲ್ಲಿ ಹೇಳುತ್ತಾಳೆ. ಯಾರ ಒತ್ತಾಯವೂ ಇಲ್ಲ, ಹಣ ಪಡೆದಿಲ್ಲ ಎನ್ನುತ್ತಾಳೆ. ಇನ್ನೂ ಒಂದು ಮಾತಿದೆ: ಆಪರೇಷನ್ ನಡೆಯುವುದಕ್ಕೆ ಮೊದಲು ಯಾವ ಗಳಿಗೆಯಲ್ಲಾದರೂ ತಾನು ಒಪ್ಪಿಗೆ ಹಿಂದಕ್ಕೆ ಪಡೆಯಬಹುದು ಎಂಬುದು ತನಗೆ ತಿಳಿದಿದೆ ಎಂದು.

ಇದನ್ನು ಮತ್ತೊಮ್ಮೆ ಓದಿ. ಬೇಡ ಅನ್ನುವ ಹಕ್ಕು ಅವ್ವನಿಗೆ ಇದೆ. ಆ ಹಕ್ಕು ಬರೆದಿರುವುದು ಅವ್ವನಿಗೆ ಬಾರದ ಭಾಷೆಯಲ್ಲಿ!

ವಿವರಿಸದೆ ಕಿಡ್ನಿ ತೆಗೆಯುವಂತಿಲ್ಲ ಎಂದು ಅದೇ ಕಾಯಿದೆಯ 12ನೇ ಕಲಂ ವೈದ್ಯರಿಗೆ ಕಟ್ಟು ಹಾಕಿದೆ. 2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಸಾಕಷ್ಟು ಮಾಹಿತಿ ಕೊಟ್ಟು ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು ಹೇಳಿತು. ತಿಳಿಯದ ಭಾಷೆಯಲ್ಲಿ ಕೊಟ್ಟದ್ದು ಮಾಹಿತಿ ಹೇಗಾದೀತು? ದಾನಿ ಹೆಣ್ಣಾದರೆ ಹೆಚ್ಚು ಎಚ್ಚರ ವಹಿಸಬೇಕು, ಅವಳ ಸ್ವಂತ ಒಪ್ಪಿಗೆಯನ್ನು ಕಿಡ್ನಿ ಪಡೆಯುವವನಲ್ಲದ ಬೇರೊಬ್ಬರು ಖಚಿತಪಡಿಸಬೇಕು ಎಂದು 2014ರ ನಿಯಮಗಳೇ ಹೇಳುತ್ತವೆ. ಸುಮ್ಮನೆ ಬರೆದದ್ದಲ್ಲ. ಈ ದೇಶದಲ್ಲಿ ಬದುಕಿದ್ದಾಗ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಅವ್ವನನ್ನು ಒಬ್ಬಳನ್ನೇ ಕೂರಿಸಿ, ಅವಳ ಮಾತಿನಲ್ಲಿ ಕೇಳಬೇಕು. ಮನಸ್ಸಿಲ್ಲ ಎಂದು ಅವಳು ಹೇಳಿದರೆ, ಕಾರಣ ಬಿಡಿಸದೆ "ಈಕೆ ದಾನಕ್ಕೆ ಸೂಕ್ತಳಲ್ಲ" ಎಂದಷ್ಟೇ ಮನೆಯವರಿಗೆ ತಿಳಿಸಿ ಅವಳ ಮಾನ ಕಾಯುವ ರೂಢಿ ವೈದ್ಯಲೋಕದಲ್ಲಿದೆ.

ಹಾಗಾದರೆ ಕಿಡ್ನಿ ಕೊಡಬೇಡಿ ಅನ್ನುತ್ತೇವೆಯೇ? ಖಂಡಿತ ಇಲ್ಲ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ರೊನಾಲ್ಡ್ ಹೆರಿಕ್ ತನ್ನ ಅವಳಿ ಸೋದರನಿಗೆ ಕಿಡ್ನಿ ಕೊಟ್ಟ. ಜಗತ್ತಿನಲ್ಲಿ ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಅದು. ಕೊಟ್ಟ ಹೆರಿಕ್ ಒಂದೇ ಕಿಡ್ನಿಯಲ್ಲಿ ಮೇಷ್ಟ್ರಾಗಿ ದುಡಿದು 79 ವರ್ಷ ಬದುಕಿದ. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಇದು ಸಾಧ್ಯವಾಯಿತು. ಕೊಡುವುದು ದೊಡ್ಡ ಗುಣ. ತಿಳಿದು ಕೊಟ್ಟರೆ ಮಾತ್ರ ಅದು ದಾನ. ತಿಳಿಸದೆ ತೆಗೆದುಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಆದ್ದರಿಂದ ತಿಳಿಸಬೇಕಾದ್ದೇನು ಎಂದು ಕೇಳಿ. ಕನ್ನಡದಲ್ಲಿ ಹೇಳಲಾಗದ್ದು ಇದರಲ್ಲಿ ಒಂದೂ ಇಲ್ಲ.

ಮೊದಲು ತಯಾರಿ. ರಕ್ತದ ಗುಂಪು, ಅಂಗಾಂಶದ ಹೋಲಿಕೆ, ಕ್ರಾಸ್ ಮ್ಯಾಚ್, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಎಷ್ಟು, ಕಾಮಾಲೆ ತರುವ ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಎದೆಯ ಎಕ್ಸರೇ, ಇಸಿಜಿ, ಕಿಡ್ನಿಯ ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್. ಇಷ್ಟಕ್ಕೆ ವಾರಗಳೇ ಹಿಡಿಯುತ್ತವೆ. ಇವು ಮಗನಿಗಾಗಿ ಮಾತ್ರವಲ್ಲ, ಒಂದು ಕಿಡ್ನಿಯಲ್ಲಿ ಅವ್ವ ಮುಂದೆ ಬದುಕಬಲ್ಲಳೇ ಎಂದು ನೋಡುವುದಕ್ಕೆ. ಗುಂಪು ಹೊಂದದಿದ್ದರೆ ಅಷ್ಟಕ್ಕೇ ಮುಗಿಯಿತು ಎಂದು ತಿಳಿಯಬೇಡಿ. ಹೊಂದದ ಇಂಥದೇ ಇನ್ನೊಂದು ಕುಟುಂಬದೊಡನೆ ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ದಾರಿ ಕೊಟ್ಟಿದೆ.

ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆಯೊಳಗಿನ ತಂಬಾಕು, ಎಲ್ಲವನ್ನೂ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಊರಿನ ನಾಟಿ ಔಷಧಿ, ಬೇರು, ಕಷಾಯ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮುಚ್ಚಿಡಬಾರದು. ದಿನಾ ನಡೆಯಬೇಕು, ದೀರ್ಘವಾಗಿ ಉಸಿರೆಳೆದು ಬಿಡುವ ಅಭ್ಯಾಸ ಮಾಡಬೇಕು. ಹಿಂದಿನ ರಾತ್ರಿಯಿಂದ ಊಟವಿಲ್ಲ. ನೀರು ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಆಸ್ಪತ್ರೆಯವರನ್ನು ಕೇಳಿಕೊಳ್ಳಬೇಕು. ಬಿತ್ತನೆ, ಹತ್ತಿ ಬಿಡಿಸುವ ಕಾಲ ನೋಡಿಕೊಂಡು ದಿನ ಕೇಳಿ. ಮನೆಯಲ್ಲಿ ರೊಟ್ಟಿ ಬಡಿಯುವವರು, ದನಕ್ಕೆ ನೀರು ಇಡುವವರು ಯಾರು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಇದೂ ತಯಾರಿಯೇ.

ಆಪರೇಷನ್ ಎರಡರಿಂದ ನಾಲ್ಕು ಗಂಟೆಯದು. ಸಾಮಾನ್ಯವಾಗಿ ಎಡಗಡೆಯ ಕಿಡ್ನಿ ತೆಗೆಯುತ್ತಾರೆ, ಅದರ ರಕ್ತನಾಳ ಉದ್ದ. 1995ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಸಣ್ಣ ತೂತುಗಳ ಮೂಲಕ ದಾನಿಯ ಕಿಡ್ನಿ ತೆಗೆಯುವ ವಿಧಾನ ಬಂತು. ಹೊಟ್ಟೆಗೆ ಮೂರು ನಾಲ್ಕು ತೂತು, ಕಿಡ್ನಿ ಹೊರತೆಗೆಯಲು ಕಿಬ್ಬೊಟ್ಟೆಯಲ್ಲಿ ಒಂದು ಸಣ್ಣ ಕೊಯ್ತ. ಎಚ್ಚರವಾದಾಗ ಮೂತ್ರಕ್ಕೆ ನಳಿಕೆ ಇರುತ್ತದೆ. ಹೊಟ್ಟೆಗೆ ತುಂಬಿದ ಗಾಳಿಯಿಂದ ಭುಜ ನೋಯುತ್ತದೆ. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯುತ್ತದೆ ಎಂದು ಅವ್ವ ಗಾಬರಿಯಾಗುತ್ತಾಳೆ. ಅದು ಎರಡು ಮೂರು ದಿನದಲ್ಲಿ ಹೋಗುತ್ತದೆ ಎಂದು ಮೊದಲೇ ಹೇಳಿದ್ದರೆ ಆ ಗಾಬರಿಯೇ ಇಲ್ಲ. ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಅದು ಹಿಂಸೆಯಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು.

ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ನಿಜವಾದ ಪರೀಕ್ಷೆ ಆಮೇಲೆ. ಆರು ವಾರ ನಾಲ್ಕೈದು ಕೆಜಿಗಿಂತ ಭಾರ ಎತ್ತಬಾರದು. ಆಸ್ಪತ್ರೆಯ ಇಂಗ್ಲಿಷ್ ಚೀಟಿಯಲ್ಲಿ ಇದು ಒಂದು ಸಾಲು. ಊರಿನಲ್ಲಿ ಇದರ ಅರ್ಥವೇನು? ತುಂಬಿದ ಕೊಡ ಹತ್ತು ಕೆಜಿಗೂ ಮೇಲೆ. ಅಂದರೆ ಆರು ವಾರ ಅವ್ವ ಕೊಡ ಎತ್ತಬಾರದು, ಸೌದೆ ಹೊರಬಾರದು, ಮೊಮ್ಮಗುವನ್ನೂ ಎತ್ತಿಕೊಳ್ಳಬಾರದು. ಕೂತು ಮಾಡುವ ಕೆಲಸಕ್ಕೆ ಮೂರು ನಾಲ್ಕು ವಾರ ಸಾಕಾದೀತು. ಹೊಲದ ಕೆಲಸಕ್ಕೆ ಎರಡು ಮೂರು ತಿಂಗಳೇ ಬೇಕು. ಜ್ವರ, ಗಾಯದಲ್ಲಿ ಕೀವು, ಉಸಿರುಗಟ್ಟುವುದು, ಮೀನಖಂಡ ಊದಿ ನೋಯುವುದು, ಮೂತ್ರ ನಿಲ್ಲುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು.

ದಾನಿಗೆ ಜೀವನಪೂರ್ತಿ ಗುಳಿಗೆ ಇಲ್ಲ. ಅದು ಕಿಡ್ನಿ ಪಡೆದವನಿಗೆ. ವಿಶೇಷ ಪಥ್ಯವೂ ಇಲ್ಲ. ಆದರೆ ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆ ಅವ್ವನ ಬಾಯಿಗೆ ಹೋಗಬಾರದು. ಉಳಿದ ಕಿಡ್ನಿ ತುಸು ದೊಡ್ಡದಾಗಿ ಹೆಚ್ಚು ಕೆಲಸ ಹೊರುತ್ತದೆ. ಒಟ್ಟು ಸೋಸುವ ಶಕ್ತಿ ಮೊದಲಿನ ಶೇಕಡ 65ರಿಂದ 70ರ ಹತ್ತಿರ ನಿಲ್ಲುತ್ತದೆ. ಅದನ್ನು ಕಾಪಾಡಬೇಕು. ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿಸಬೇಕು. ಇಷ್ಟಕ್ಕೆ ಬೆಂಗಳೂರೇ ಬೇಕಿಲ್ಲ, ಸುರಪುರದಲ್ಲೋ ಯಾದಗಿರಿಯಲ್ಲೋ ಮಾಡಿಸಬಹುದು.

ಅಪಾಯವನ್ನೂ ಮುಚ್ಚಿಡಬೇಡಿ. ಅಮೆರಿಕದಲ್ಲಿ 80 ಸಾವಿರಕ್ಕೂ ಹೆಚ್ಚು ದಾನಿಗಳನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಂತೆ, ಆಪರೇಷನ್ ಆದ 90 ದಿನಗಳಲ್ಲಿ ಸಾಯುವ ಸಂಭವ 10 ಸಾವಿರಕ್ಕೆ ಸುಮಾರು 3. ಅಲ್ಲಿನದೇ 2014ರ ಅಧ್ಯಯನದಂತೆ, ಜೀವಮಾನದಲ್ಲಿ ದಾನಿಯ ಉಳಿದ ಕಿಡ್ನಿಯೂ ಕೈಕೊಡುವ ಸಂಭವ 10 ಸಾವಿರಕ್ಕೆ 90. ಕಿಡ್ನಿ ಕೊಡದ ಅಷ್ಟೇ ಗಟ್ಟಿಮುಟ್ಟಾದವರಲ್ಲಿ ಅದು 14. ಕಡಿಮೆಯೇ, ಆದರೆ ಸೊನ್ನೆಯಲ್ಲ. ಮುಂದೆ ಮಕ್ಕಳಾಗಬೇಕಿರುವ ಅಕ್ಕತಂಗಿಯರು ಕೊಡುವುದಾದರೆ, ಬಸುರಿನಲ್ಲಿ ಬಿಪಿ ಏರುವ ಸಂಭವ ಹೆಚ್ಚು ಎಂಬುದನ್ನು ಅವರಿಗೆ ಮೊದಲೇ ಹೇಳಬೇಕು.

ಇನ್ನೊಂದು ನೋವಿದೆ, ಅದು ಯಾವ ಸ್ಕ್ಯಾನಿನಲ್ಲೂ ಕಾಣದು. ನೋಡಲು ಬಂದವರೆಲ್ಲ "ಮಗ ಹೆಂಗದಾನ?" ಎಂದು ಕೇಳುತ್ತಾರೆ. ಅವ್ವನನ್ನು ಯಾರೂ ಕೇಳುವುದಿಲ್ಲ. ಕೊಟ್ಟ ಮೇಲೆ ಮನಸ್ಸು ಕುಗ್ಗುವುದುಂಟು, ಕೊಟ್ಟ ಕಿಡ್ನಿ ಹಿಡಿಯದೆ ಹೋದರೆ ಇನ್ನೂ ಹೆಚ್ಚು. "ನಿನಗ ಹೆಂಗದ ಬೇ?" ಎಂದು ಕೇಳುವುದಕ್ಕೆ ಡಾಕ್ಟರ ಡಿಗ್ರಿ ಬೇಕೇ?

ಈಗ ನಮ್ಮ ಕೆಲಸ. ಆಸ್ಪತ್ರೆಗೆ ಬಾವುಟ ಹಿಡಿದು ನುಗ್ಗಬೇಡಿ. ವೈದ್ಯರು ನಮ್ಮ ಶತ್ರುಗಳಲ್ಲ. ಎಂಬಿಬಿಎಸ್ ಸೇರಿದವರಿಗೆ ಆರಂಭದ ತರಗತಿಗಳಲ್ಲೇ ಸ್ಥಳೀಯ ಭಾಷೆ ಕಲಿಸುವ ಕ್ರಮ 2019ರಿಂದ ಬಂದಿದೆ. ಅದನ್ನು ನೆನಪಿಸಿ, ಮರ್ಯಾದೆಯಿಂದ ಕೇಳಿ: ಒಪ್ಪಿಗೆ ನಮೂನೆಯ ಕನ್ನಡ ಪ್ರತಿ ಕೊಡಿ, ಮನೆಗೆ ಕಳಿಸುವಾಗ ಕನ್ನಡ ಚೀಟಿ ಕೊಡಿ. ಹಾಗೆ ಕೊಡುವ ಕನ್ನಡ ಗ್ರಂಥದ ಕನ್ನಡವಾಗದಿರಲಿ. 'ಮೂತ್ರಪಿಂಡ ವೈಫಲ್ಯ' ಎಂದರೆ ಅವ್ವನಿಗೆ ಅದೂ ಇಂಗ್ಲಿಷೇ. ಅವಳಿಗೆ ಮಾತ್ರೆ ಎಂದರೆ ಗುಳಿಗಿ, ಆಸ್ಪತ್ರೆ ಎಂದರೆ ದವಾಖಾನಿ. ಬೆಂಗಳೂರಿನ ಕನ್ನಡ ಅವಳಿಗೆ ತಲುಪದಿದ್ದರೆ ಆ ಕಡೆಯವರೊಬ್ಬರನ್ನು ಕರೆತನ್ನಿ. ಒಂದೊಂದು ಸಾಲೂ ಓದಿ ಹೇಳಿ. ಆಮೇಲೆ ಅವಳ ಬಾಯಿಂದಲೇ ತಿರುಗಿ ಹೇಳಿಸಿ. ಅವಳು ಹೇಳಿದರೆ ಮಾತ್ರ ಅರ್ಥವಾಯಿತು ಎಂದು ಲೆಕ್ಕ.

ಹಣದ ಆಸೆ ತೋರಿಸುವ ದಲ್ಲಾಳಿ ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಕಿಡ್ನಿ ವ್ಯಾಪಾರಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ.

ಕೊನೆಯದಾಗಿ ಸರ್ಕಾರಕ್ಕೆ ಒಂದು ಪ್ರಶ್ನೆ. ಕೇಂದ್ರ ಸರ್ಕಾರಿ ನೌಕರರು ಅಂಗದಾನ ಮಾಡಿದರೆ 42 ದಿನದವರೆಗೆ ಸಂಬಳದ ರಜೆ ಎಂದು 2023ರಲ್ಲಿ ಆದೇಶವಾಯಿತು. ಒಳ್ಳೆಯದೇ. ಬೋನಾಳದ ಕೂಲಿಯವಳ 42 ದಿನದ ಕೂಲಿ ಕೊಡುವವರು ಯಾರು? ಕೊಯ್ತ ಇಬ್ಬರಿಗೂ ಒಂದೇ ಅಲ್ಲವೇ?

ಗೆಳೆಯರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ನಾಳೆ ಯಾರಾದರೂ ಇಂಥ ಕಾಗದ ಹಿಡಿದು "ಇದ್ರಾಗ ಏನ್ ಬರದಾರ?" ಎಂದು ಕೇಳಿಯಾರು. ಆಗ "ಏನಿಲ್ಲ" ಅನ್ನಬೇಡಿ. ಪಕ್ಕದಲ್ಲಿ ಕೂರಿ. ಕನ್ನಡದಲ್ಲಿ ಓದಿ ಹೇಳಿ. ಬೇಡ ಅನ್ನಬಹುದು ಎಂಬ ಸಾಲನ್ನು ಎರಡು ಸಲ ಓದಿ.