ಅಂಗಳದ ಹೊಗೆ, ಕಪಾಟಿನ ಇನ್‌ಹೇಲರ್

ಸುಬ್‌ಹಿ ನಮಾಝ್ ಮುಗಿದು ಮಕ್ಕಳು ಮದ್ರಸಕ್ಕೆ ಹೊರಡುವ ಹೊತ್ತಿಗೇ ನಮ್ಮ ಮೊಹಲ್ಲಾಗಳಲ್ಲಿ ಅಂಗಳ ಗುಡಿಸಿದ ಕಸಕ್ಕೆ ಬೆಂಕಿ ಬೀಳುತ್ತದೆ. ತರಗೆಲೆಯ ಜೊತೆ ಹಾಲಿನ ತೊಟ್ಟೆ, ಬಿಸ್ಕತ್ತಿನ ಕವರು, ಮಗುವಿನ ಡೈಪರ್ ಎಲ್ಲ ಅದರಲ್ಲೇ. ಚಳಿಗಾಲದ ಬೆಳಗ್ಗೆ ಆ ಹೊಗೆ ಮೇಲಕ್ಕೂ ಹೋಗುವುದಿಲ್ಲ, ಮಕ್ಕಳು ನಡೆಯುವ ದಾರಿಯಲ್ಲೇ ತೇಲುತ್ತಿರುತ್ತದೆ.

ಕುರ್‌ಆನ್ ಓದಿಸುವವರಿಗೆ ಮಕ್ಕಳ ಉಸಿರು ಬೇಗ ಗೊತ್ತಾಗುತ್ತದೆ. ಸಣ್ಣ ಆಯತ್ತನ್ನೂ ಒಂದೇ ಉಸಿರಿನಲ್ಲಿ ಮುಗಿಸಲಾಗದೆ ಕೆಮ್ಮುವ ಹುಡುಗಿಯೊಬ್ಬಳು ನಮ್ಮಲ್ಲಿದ್ದಳು. ಮನೆಯವರನ್ನು ಕೇಳಿದರೆ "ಶೀತ ಉಸ್ತಾದ್, ಅಷ್ಟೇ" ಅಂದರು. ಡಾಕ್ಟರು ಅಸ್ತಮಾ ಎಂದು ಹೇಳಿ ಇನ್‌ಹೇಲರ್ ಬರೆದುಕೊಟ್ಟು ತಿಂಗಳುಗಳೇ ಆಗಿತ್ತು, ಅದನ್ನು ಕಪಾಟಿನಲ್ಲಿ ಅಡಗಿಸಿಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು. ಒಮ್ಮೆ ಹಿಡಿದರೆ ಬಿಡಲಿಕ್ಕಾಗುವುದಿಲ್ಲ, ಹೆಣ್ಣು ಮಗು, ನಾಲ್ಕು ಜನ ನೋಡಿದರೆ ನಾಳೆ ಸಂಬಂಧ ಕೂಡಿಬರುವುದಿಲ್ಲ ಎಂಬ ಹೆದರಿಕೆ.

ಇನ್‌ಹೇಲರ್ ಚಟ ಹಿಡಿಸುವ ವಸ್ತುವಲ್ಲ. ಮಾತ್ರೆ, ಸಿರಪ್‌ಗಿಂತ ಬಹಳ ಕಡಿಮೆ ಮದ್ದು ಅದರಲ್ಲಿ ನೇರ ಶ್ವಾಸಕೋಶಕ್ಕೆ ತಲುಪುತ್ತದೆ. ದಿನಾ ಎಳೆಯಬೇಕಾದದ್ದು ಬೇರೆ, ದಮ್ಮು ಕಟ್ಟಿದಾಗ ಎಳೆಯುವುದು ಬೇರೆ. ಕೆಮ್ಮು ನಿಂತಿತೆಂದು ದಿನದ ಮದ್ದನ್ನು ನಾವೇ ನಿಲ್ಲಿಸಬಾರದು. ರಮಝಾನಿನಲ್ಲಿ ಉಪವಾಸ ಮುರಿದೀತೆಂದು ದಮ್ಮು ಕಟ್ಟಿಕೊಂಡೇ ಕೂರುವವರಿದ್ದಾರೆ. ರೋಗಿಗೆ ಉಪವಾಸ ಬಿಟ್ಟು ಆಮೇಲೆ ಖಳಾ ಮಾಡುವ ರಿಯಾಯಿತಿ ಅಲ್ಲಾಹನೇ ಕೊಟ್ಟದ್ದು. ಅಲ್ ಬಖರಃ ಸೂರಃದ 185ನೇ ಆಯತ್ ನೋಡಿ.

ಇನ್ನು ಹೊಗೆ. ಪಿಎಂ 2.5 ಎನ್ನುವ ಕಣ ತಲೆಗೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲು. ಶಾಲು, ಕರ್ಚೀಫಿಗೆ ಅದು ಬಗ್ಗುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ತಡೆಯುತ್ತದೆ, ಆದರೆ ಪ್ಲಾಸ್ಟಿಕ್ ಉರಿದಾಗ ಬರುವ ವಿಷಾನಿಲವನ್ನು ಅದೂ ತಡೆಯದು. ಮಗುವಿಗೆ ಮಾಸ್ಕ್ ಕಟ್ಟುವುದಕ್ಕಿಂತ ಬೆಂಕಿ ಹಾಕದಿರುವುದು ಸುಲಭ.

ಹಸಿ ಬೆಳ್ಳುಳ್ಳಿ ತಿಂದು ಮಸೀದಿಗೆ ಬಂದು ಪಕ್ಕದವರಿಗೆ ತೊಂದರೆ ಕೊಡಬೇಡಿ ಎಂದು ಕಲಿಸಿದ ದೀನ್ ನಮ್ಮದು. ನೆರೆಮನೆಯ ಕಿಟಕಿಗೆ ಡೈಪರ್ ಹೊಗೆ ಬಿಡುವುದು ತಪ್ಪೆನ್ನಲು ಬೇರೆ ಫತ್ವಾ ಬೇಕೇ? ಬಯಲಲ್ಲಿ ಕಸ ಸುಟ್ಟರೆ 5,000 ರೂ. ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ದಂಡ ಕಟ್ಟಿದವರನ್ನು ನಾವಂತೂ ಕಂಡಿಲ್ಲ.

ಒಳದಾರಿಗಳಿಗೆ ಕಸದ ಗಾಡಿ ಬರುವುದಿಲ್ಲ, ಸುಡದೆ ಏನು ಮಾಡುವುದು ಎಂದು ಹೆಂಗಸರು ಕೇಳುವುದರಲ್ಲಿ ನ್ಯಾಯವಿದೆ. ಈ ಕೆಲಸವನ್ನು ಜಮಾಅತ್ ಕಮಿಟಿಗಳು ವಹಿಸಿಕೊಳ್ಳಲಿ. ಪಂಚಾಯತ್‌ಗೆ ಅರ್ಜಿ ಕೊಟ್ಟು, ಒಣಕಸದ ಗಾಡಿ ಬರುವ ದಿನವನ್ನು ಮಸೀದಿಯ ಬೋರ್ಡಿನಲ್ಲಿ ಬರೆಯಲಿ, ಜುಮಾ ಬಳಿಕ ಒಂದು ಮಾತು ಹೇಳಲಿ. ನಮ್ಮ ಮದ್ರಸದ ಹಿತ್ತಿಲಲ್ಲೂ ಹಳೆಯ ಪರೀಕ್ಷೆ ಪೇಪರುಗಳನ್ನು ಸುಡುತ್ತಿದ್ದೆವು. ಈ ವಾರದಿಂದ ನಿಲ್ಲಿಸಿದ್ದೇವೆ.